ಧೂಳಮ್ಮನ ದೀಪಗಳು

ನನ್ನ ನಾದಿನಿಗೆ ಆಫೀಸಿನಲ್ಲಿ ಇಟ್ಟ ಅಡ್ಡಹೆಸರು ಧೂಳಮ್ಮ. ಆ ಹೆಸರು ಮನೆಗೂ ಬಂತು, ತಂದವಳು ನಾನೇ. ಬೆಳಗಿನಿಂದ ಸಂಜೆಯವರೆಗೆ ಒರೆಸುವ ಬಟ್ಟೆ ಹೆಗಲಿಗೆ ಹಾಕಿಕೊಂಡು ಓಡಾಡುವ ನನ್ನಂಥವಳು ಇರುವ ಮನೆಯಲ್ಲೇ ಸಂಬಳ ತಗೊಂಡು ಧೂಳು ಹಾಕುವವಳೂ ಒಬ್ಬಳಿದ್ದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ನಾನು ಬಾಯಿ ಬಿಟ್ಟು ಹೇಳುವ ಪೈಕಿ. ಅವಳು ನಕ್ಕು ಸುಮ್ಮನಾಗುವ ಪೈಕಿ. ಹಾಗಾಗಿ ಒಂದೇ ಸೂರಿನಡಿ ನಮ್ಮಿಬ್ಬರ ಕಾಲ ಕಳೆಯಿತು.

ಅವಳ ಕೆಲಸ ವಿಡಿಯೊ ಗೇಮುಗಳದ್ದು. ಕಥೆ ಬರೆಯುವವರು ಬೇರೆ, ಓಡಾಡುವ ಗೊಂಬೆಗಳನ್ನು ಮಾಡುವವರು ಬೇರೆ. ಆಟ ನಡೆಯುವ ಜಾಗ, ಅಂದರೆ ಮನೆಯೋ ಆಸ್ಪತ್ರೆಯೋ ನೆಲಮಾಳಿಗೆಯೋ, ಅವಳ ಕೈಗೆ ಬರುವಾಗ ಬರೀ ಬೂದು ಬಣ್ಣದ ಡಬ್ಬಗಳಾಗಿರುತ್ತದೆ. ಗೋಡೆ ಒಂದು ಹಲಗೆ, ಮೇಜು ಒಂದು ಪೆಟ್ಟಿಗೆ. ಅಲ್ಲಿ ಜನ ಬಾಳಿದ್ದರು, ಆಮೇಲೆ ಏನೋ ಆಯಿತು ಎಂದು ಆಡುವವರಿಗೆ ಅನ್ನಿಸುವಂತೆ ಮಾಡುವುದು ಇವಳ ಪಾಲು. ಮೂಲೆಯಲ್ಲಿ ಒಂದು ಕಾಲು ಮುರಿದ ಕುರ್ಚಿ, ಕಿಟಕಿಯ ಅಂಚಿಗೆ ಧೂಳು, ಬಾಗಿಲ ಬಳಿ ಸವೆದ ನೆಲ. ಇಷ್ಟೆಲ್ಲ ಆದ ಮೇಲೆ ದೀಪ. ದೀಪ ಎಲ್ಲಿಂದ ಬರುತ್ತದೆ ಎಂದು ತೋರಿಸದೆ ಅವಳು ಬೆಳಕು ಬಿಡುವವಳೇ ಅಲ್ಲ. ಬಲ್ಬು ಇರಬೇಕು, ಕಿಟಕಿ ಇರಬೇಕು, ಕೊನೆಗೆ ಬಾಗಿಲ ಸಂದಾದರೂ ಇರಬೇಕು. ಯಾರೂ ಹಚ್ಚದ ದೀಪ ಸುಳ್ಳು ದೀಪ ಅನ್ನುವಳು.

ನಮ್ಮ ಮನೆಯೇ ಅವಳಿಗೆ ಪಾಠಶಾಲೆ. ನಾನು ಬಟ್ಟೆ ಹಿಡಿದು ಹೊರಟರೆ ಅಡ್ಡ ಬರುತ್ತಿದ್ದಳು. "ಅತ್ತಿಗೆ, ಆ ಸ್ವಿಚ್ ಸುತ್ತ ಗೋಡೆ ಕಪ್ಪಾಗಿದೆಯಲ್ಲ, ಒರೆಸ್ಬೇಡಿ ಇರಿ. ಒಂದು ಫೋಟೊ ತಗೊಂಡ್ಬಿಡ್ತೀನಿ."

"ತಗೊಳ್ಳಮ್ಮ. ನಿಮ್ಮತ್ತಿಗೆ ಕೊಳಕಿ ಅಂತ ಊರಿಗೆಲ್ಲ ತೋರಿಸು."

"ಕೊಳಕಲ್ಲ ಅತ್ತಿಗೆ. ಆ ಕಲೆ ನೋಡಿದ್ರೆ ಈ ಮನೇಲಿ ಯಾರೋ ಎತ್ತರದವರು ಇದ್ದಾರೆ, ಕತ್ತಲಲ್ಲಿ ತಡಕಾಡಿ ದೀಪ ಹಾಕ್ತಾರೆ ಅಂತ ಗೊತ್ತಾಗುತ್ತೆ. ಗೋಡೆ ಓದೋಕೆ ಬಂದ್ರೆ ಮನುಷ್ಯರನ್ನ ಕೇಳೋದೇ ಬೇಡ."

ನಾನು ಮುಖ ತಿರುಗಿಸಿಕೊಂಡು ಒರೆಸುತ್ತಿದ್ದೆ. ಆದರೆ ಅವಳು ಹೇಳಿದ್ದು ನಿಜವಾಗಿತ್ತು, ಆ ಎತ್ತರದವರು ನನ್ನ ಮಾವ.

ಮಾವ ನೂಲಿನ ಗಿರಣಿಯಲ್ಲಿ ದುಡಿದವರು. ಅವರದು ಮಗ್ಗದ ಕೆಲಸವೂ ಅಲ್ಲ, ಲೆಕ್ಕದ ಕೆಲಸವೂ ಅಲ್ಲ. ಪಾಳಿ ಮುಗಿದ ಮೇಲೆ ಗಿರಣಿ ಮುಚ್ಚುವುದು. ಎಲ್ಲಕ್ಕಿಂತ ಹಿಂದಿನ ಶೆಡ್ಡಿನಿಂದ ಶುರು ಮಾಡಿ, ಸಾಲಿಗೊಂದು ಸ್ವಿಚ್ ಆರಿಸುತ್ತ, ಹಿಂದೆ ಕತ್ತಲು ಬಿಟ್ಟು ಮುಂದಿನ ಬೆಳಕಿಗೆ ನಡೆಯುತ್ತ ಗೇಟಿನವರೆಗೆ ಬರಬೇಕು. ಗೇಟಿನ ಪಕ್ಕದಲ್ಲಿ ಮೇನ್ ಸ್ವಿಚ್ಚಿನ ಹಿಡಿ. ಅದನ್ನು ಎಳೆಯುವ ಮುಂಚೆ ಒಳಗೆ ತಿರುಗಿ ಗಟ್ಟಿಯಾಗಿ ಕೂಗಬೇಕು, "ಒಳಗೆ ಯಾರಾದ್ರೂ ಇದ್ದೀರಾ?" ಯಂತ್ರಗಳ ಸಂದಿಯಲ್ಲಿ ಯಾರೋ ಚಪ್ಪಲಿ ಹುಡುಕುತ್ತಿರಬಹುದು, ಯಾರೋ ನಿದ್ದೆಹೋಗಿರಬಹುದು. ಉತ್ತರ ಬಂದರೆ ಅವರು ಆಚೆ ಬರುವ ತನಕ ಕಾಯಬೇಕು. ಬರದಿದ್ದರೆ ಹಿಡಿ ಎಳೆದು, ಕತ್ತಲಾದ ಗೇಟು ದಾಟಿ ಮನೆಗೆ ಹೋಗಬೇಕು. ನೌಕರಿ ಮುಗಿಯುವ ತನಕ ಮಾವ ಮಾಡಿದ್ದು ಇದನ್ನೇ.

ತಾಯಿ ಇಲ್ಲದ ಮಗಳು ಸ್ಕೂಲು ಬಿಟ್ಟ ಮೇಲೆ ಗಿರಣಿಗೇ ಹೋಗಿ ಅಪ್ಪನಿಗಾಗಿ ಕಾಯುತ್ತಿದ್ದಳಂತೆ. ಒಂದು ಸಂಜೆ ತಮಾಷೆಗೆ ನೂಲಿನ ಮೂಟೆಗಳ ಹಿಂದೆ ಅಡಗಿ ಕೂತಳು. ಅಪ್ಪ ಕೂಗಿದರು. ಇವಳು ಬಾಯಿಗೆ ಕೈ ಅಡ್ಡ ಹಿಡಿದು ನಗು ತಡೆದುಕೊಂಡಳು. ಹಿಡಿ ಎಳೆದ ಸದ್ದು ಬಂತು, ಕತ್ತಲೆ ಬಂತು. ಆಮೇಲೆ ಎಷ್ಟು ಕಿರುಚಿದರೂ ಗೋಡೆಗಳು ಅದನ್ನೇ ತಿರುಗಿಸಿ ಕಿರುಚುತ್ತಿದ್ದವಂತೆ. ಅಪ್ಪ ವಾಪಸ್ ಓಡಿಬಂದು ಎತ್ತಿಕೊಂಡಾಗ ಅವರ ಅಂಗಿ ಒದ್ದೆ, ಇವಳ ಲಂಗವೂ ಒದ್ದೆ. "ಕೇಳಿದ್ರೆ ಹೇಳ್ಬೇಕು ಮಗಳೇ. ಹೇಳಿದ್ರೆ ನಾನು ಎಷ್ಟೊತ್ತು ಬೇಕಾದ್ರೂ ಕಾಯ್ತೀನಿ" ಅಂದರಂತೆ. ಇದನ್ನು ಧೂಳಮ್ಮ ನನಗೆ ನಗುತ್ತಲೇ ಹೇಳಿದ್ದಳು. ನನಗೆ ಮಾತ್ರ ನಗು ಬಂದಿರಲಿಲ್ಲ.

ವಯಸ್ಸಾದ ಮೇಲೆ ಮಾವನಿಗೆ ಮರೆವಿನ ಕಾಯಿಲೆ ಬಂತು. ಚಮಚ ಹಿಡಿಯುವುದು ಮರೆತರು, ನನ್ನನ್ನು ಮರೆತರು, ಮಗನನ್ನು ಯಾವುದೋ ಸೂಪರ್‌ವೈಸರ್ ಅಂದುಕೊಂಡು ಎದ್ದು ನಿಲ್ಲುತ್ತಿದ್ದರು. ಮಗಳನ್ನು ಕೆಲವೊಮ್ಮೆ ಗುರುತು ಹಿಡಿಯುತ್ತಿದ್ದರು. ನಮ್ಮದು ಹಳೇ ಕಟ್ಟಡದ ಮೇಲಿನ ಮಹಡಿ. ಒಂದು ತುದಿಯಲ್ಲಿ ಮಾವನ ಕೋಣೆ, ಅಲ್ಲಿಂದ ಉದ್ದನೆಯ ಕಿಟಕಿಯಿಲ್ಲದ ನಡುದಾರಿ, ಅದರ ಒಂದು ಪಕ್ಕಕ್ಕೆ ನಾದಿನಿಯ ಕೋಣೆ, ಅಡುಗೆಮನೆ, ಬಚ್ಚಲು, ಇನ್ನೊಂದು ಪಕ್ಕಕ್ಕೆ ಹಾಲ್, ಆಚೆ ತುದಿಯಲ್ಲಿ ಹಿತ್ತಿಲ ಬಾಗಿಲು. ಬಾಗಿಲಾಚೆ ಕೆಳಗಿಳಿಯುವ ಕಬ್ಬಿಣದ ಮೆಟ್ಟಿಲು. ಕಡಿದಾದ, ತುಕ್ಕು ಹಿಡಿದ ಮೆಟ್ಟಿಲು. ನಾನೇ ಅದರಲ್ಲಿ ಇಳಿಯುವಾಗ ದೇವರನ್ನು ನೆನೆಯುತ್ತೇನೆ.

ಒಂದು ದಿನ ಮಾವ ಆ ಮೆಟ್ಟಿಲ ಮೇಲೆ ಒಂದು ಕಾಲು ಇಟ್ಟು ನಿಂತಿದ್ದು ನನ್ನ ಕಣ್ಣಿಗೆ ಬಿತ್ತು. ಹೇಗೋ ಕೈ ಹಿಡಿದು ಒಳಗೆ ತಂದೆ. ಸಂಜೆ ನಮ್ಮ ಯಜಮಾನರು ಬಂದವರೇ ಬಾಗಿಲಿಗೆ ಬೀಗ ಜಡಿದರು. ಮರುದಿನ ಮಾವ ಆ ಬಾಗಿಲ ಮುಂದೆ ನಿಂತರು. ಬೈಯಲಿಲ್ಲ, ಅಳಲಿಲ್ಲ, ಸುಮ್ಮನೆ ಬಡಿದರು. ಬೆರಳ ಗೆಣ್ಣು ಒಡೆದು ರಕ್ತ ಬಂದರೂ ನಿಲ್ಲಿಸಲಿಲ್ಲ. ಬೀಗ ತೆಗೆದ ಮೇಲೆಯೇ ಕೂತದ್ದು.

"ಹೀಗಾದ್ರೆ ಆಗಲ್ಲ" ಅಂದರು ಯಜಮಾನರು. "ಇಂಥವರನ್ನ ನೋಡ್ಕೊಳ್ಳೋ ಜಾಗ ಇದೆ. ಅಲ್ಲಿಗೆ ಸೇರಿಸೋಣ."

"ಅಲ್ಲಿ ಬೀಗ ಹಾಕಲ್ವಾ ಅಣ್ಣ?" ಎಂದು ಕೇಳಿದಳು ಧೂಳಮ್ಮ.

"ಹಾಕ್ತಾರೆ. ಹಾಕ್ಬೇಕು. ಇಲ್ದಿದ್ರೆ ಬಿದ್ದು ಸಾಯ್ತಾರೆ."

"ಬೀಗ ಹಾಕದೇನೇ ನಾನು ಉಳಿಸ್ಕೋತೀನಿ. ಅಪ್ಪ ಆ ಮೆಟ್ಟಿಲಿಗೆ ಕಾಲಿಟ್ರೆ ಆಮೇಲೆ ನೀನು ಹೇಳಿದ ಹಾಗೆ."

ಅಣ್ಣತಂಗಿ ನಡುವೆ ನಾನು ಬಾಯಿ ಹಾಕಲಿಲ್ಲ. ನನ್ನ ಬಾಯಿಯೂ ಕೆಲವೊಮ್ಮೆ ಮಾತು ಕೇಳುತ್ತದೆ.

ಆ ಭಾನುವಾರ ಅವಳು ನಮ್ಮ ಮನೆಯನ್ನೇ ಆಟದ ಮನೆ ಮಾಡಿಕೊಂಡಳು. ಆಟ ಆಡುವವರು ಬೆಳಕಿದ್ದ ಕಡೆ ನಡೆಯುತ್ತಾರೆ, ಅದು ಅವಳ ಕಸುಬಿನ ಮೊದಲ ಪಾಠವಂತೆ. ಬಾಣದ ಗುರುತು ಹಾಕಬೇಕಾಗಿಲ್ಲ, ಹೋಗಬೇಕಾದ ಕಡೆ ಒಂದು ದೀಪ ಹಚ್ಚಿದರೆ ಸಾಕು. ಹೋಗಬಾರದ ಕಡೆ ಕತ್ತಲು ಮಾಡಿದರೆ ಅಲ್ಲೊಂದು ಬಾಗಿಲಿದೆ ಎಂಬುದೇ ಕಣ್ಣಿಗೆ ಬೀಳುವುದಿಲ್ಲ. ಮಾವನ ಕೋಣೆಯಿಂದ ಬಚ್ಚಲಿನವರೆಗೆ ನಡುದಾರಿಯ ಉದ್ದಕ್ಕೂ ಗೋಡೆಗೆ ಹಳದಿ ದೀಪಗಳನ್ನು ಹಾಕಿಸಿದಳು, ಒಂದೊಂದಕ್ಕೂ ಕೆಳಗೆ ಒಂದು ಸ್ವಿಚ್. ಒಂದು ದೀಪದ ಕೆಳಗೆ ಅತ್ತೆಯ ಫೋಟೊ, ಇನ್ನೊಂದರ ಕೆಳಗೆ ಕೂರಲು ಸ್ಟೂಲು, ಬಚ್ಚಲ ಬಾಗಿಲ ಮೇಲೆ ಎಲ್ಲಕ್ಕಿಂತ ದೊಡ್ಡ ಬಲ್ಬು. ಅಲ್ಲಿಗೆ ಬೆಳಕು ಮುಗಿಯಿತು. ಹಿತ್ತಿಲ ಬಾಗಿಲ ಬಲ್ಬು ಕಳಚಿದಳು. ಬಾಗಿಲಿಗೂ ಪಕ್ಕದ ಮೇನ್ ಸ್ವಿಚ್ಚಿಗೂ ಸೇರಿಸಿ ಗೋಡೆಯದೇ ಬಣ್ಣದ ದಪ್ಪ ಪರದೆ ಇಳಿಬಿಟ್ಟಳು.

ನಾನು ನಿಂತು ನೋಡಿದೆ. ನಿಜ ಹೇಳುತ್ತೇನೆ, ನಾನೇ ದಿನಾ ಕಸ ಹಾಕಲು ಹೋಗುವ ಬಾಗಿಲು ನನ್ನ ಕಣ್ಣಿಗೇ ಕಾಣಲಿಲ್ಲ.

ಕೆಲಸ ಆಯಿತು. ಮಾವ ಎದ್ದು, ದೀಪ ಹಿಡಿದು ಹೊರಟವರ ಹಾಗೆ ಒಂದೊಂದೇ ಬೆಳಕಿಗೆ ನಡೆದು ಬಚ್ಚಲಿಗೆ ಹೋಗಿ ಬರತೊಡಗಿದರು. ಅತ್ತೆಯ ಫೋಟೊದ ಮುಂದೆ ಸ್ವಲ್ಪ ಹೊತ್ತು ನಿಲ್ಲುವರು. ಯಜಮಾನರು ತಂಗಿಯ ಬೆನ್ನು ತಟ್ಟಿದರು. ನಾನೂ, "ಪರವಾಗಿಲ್ಲ ಕಣೇ, ನಿನ್ನ ವಿದ್ಯೆ ಮನುಷ್ಯರಿಗೂ ಉಪಯೋಗಕ್ಕೆ ಬಂತು" ಎಂದು ಹೊಗಳಿದೆ. ನಾನು ಹೊಗಳುವುದು ಅಪರೂಪ, ಅವಳು ಎರಡು ದಿನ ಅದನ್ನೇ ಎತ್ತಿ ಆಡಿಸಿದಳು.

ಆಗ ಆಫೀಸಿನಲ್ಲಿ ಅವಳಿಗೊಂದು ಭೂತದ ಮನೆಯ ಕೆಲಸ ನಡೆದಿತ್ತು. ಅದೂ ಒಂದು ಉದ್ದನೆಯ ನಡುದಾರಿ. ಅವಳ ಮೇಲಧಿಕಾರಿ, ಇನ್ನೂ ಭಯ ಹುಟ್ಟುತ್ತಿಲ್ಲ, ಇನ್ನಷ್ಟು ಕತ್ತಲು ಮಾಡು ಎನ್ನುತ್ತಿದ್ದನಂತೆ. ಅವಳು ಒಪ್ಪಿರಲಿಲ್ಲ. "ಭಯ ಕತ್ತಲಲ್ಲಿ ಇರಲ್ಲ ಅತ್ತಿಗೆ" ಎಂದಳು ಊಟಕ್ಕೆ ಕೂತಾಗ. "ಈಗ ತಾನೇ ಉರೀತಿದ್ದ ದೀಪ, ಹೋಗಿ ಬರೋಷ್ಟರಲ್ಲಿ ಆರಿರಬೇಕು. ಆರಿಸಿದವರು ಕಾಣಬಾರದು. ಅಲ್ಲಿ ಹುಟ್ಟುತ್ತೆ ಭಯ."

ಆ ಮಾತು ಆಡಿದ ವಾರವೇ ನಮ್ಮ ಮನೆಯಲ್ಲಿ ದೀಪ ಆರತೊಡಗಿದ್ದು.

ಮೊದಲು ಆರಿದ್ದು ಮಾವನ ಕೋಣೆಯ ಪಕ್ಕದ್ದು. ನಾನು ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಆರಿತ್ತು. ಧೂಳಮ್ಮ ಆರಿಸಿರಬೇಕು ಎಂದು ಮತ್ತೆ ಹಾಕಿದೆ. ಇನ್ನೊಂದು ದಿನ ಎರಡು ದೀಪ ಆರಿದ್ದವು. ಆಮೇಲೊಮ್ಮೆ ಫೋಟೊದ ದೀಪವೂ ಆರಿ, ಅತ್ತೆಯ ಮುಖ ಕಪ್ಪಗಾಗಿ, ಗಾಜು ಮಾತ್ರ ಹೊಳೆಯುತ್ತಿತ್ತು. ಆರುತ್ತಿದ್ದದ್ದು ಯಾವಾಗಲೂ ಕೋಣೆಯ ಕಡೆಯಿಂದ. ಪ್ರತಿ ಸಲವೂ ಕತ್ತಲು ಹಿತ್ತಿಲ ಕಡೆಗೆ ಒಂದಿಷ್ಟು ಹತ್ತಿರ ಬಂದಿರುತ್ತಿತ್ತು. ಹೋಗಿ ನೋಡಿದರೆ ಮಾವ ಹಾಸಿಗೆಯ ಅಂಚಿನಲ್ಲಿ ಮಗುವಿನ ಹಾಗೆ ಕೂತಿರುತ್ತಿದ್ದರು.

"ಅತ್ತಿಗೆ, ದೀಪ ಆರಿಸ್ಬೇಡಿ ಅಂತ ಕೈ ಮುಗಿದು ಕೇಳ್ಕೊಂಡಿದ್ದೆ" ಎಂದಳು ಒಂದು ಸಂಜೆ.

ನನಗೆ ಮೂಗಿನ ತುದಿಯಲ್ಲೇ ಕೋಪ. "ನಾನೇನು ಅಷ್ಟು ಜಿಪುಣಿ ಅಂದ್ಕೊಂಡ್ಯಾ? ನೀನೇ ಆರಿಸಿ ನನ್ನ ತಲೆಗೆ ಕಟ್ತೀಯಾ?"

"ನಾನ್ಯಾಕೆ ಆರಿಸ್ಲಿ? ಹಾಕಿಸಿದ್ದೇ ನಾನು."

"ಹಾಗಾದ್ರೆ ನಿನ್ನ ಆಫೀಸಿನ ಭೂತ ಬಂದಿರಬೇಕು ಬಿಡು."

ಮಾತು ಬೆಳೆಯಿತು. ಕೊನೆಗೆ ಇಬ್ಬರೂ ಸೇರಿ ಯಜಮಾನರ ತಲೆಗೆ ಕಟ್ಟಿದೆವು, ಪಾಪ, ಅವರು ಹಗಲು ಮನೆಯಲ್ಲೇ ಇರುವುದಿಲ್ಲ. ಮಾವನ ಹೆಸರು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವಳೇ ತಳ್ಳಿಹಾಕಿದಳು. "ಚಮಚ ಬಾಯಿಗೆ ತಗೊಂಡು ಹೋಗೋಕೆ ಬರಲ್ಲ ಅವರಿಗೆ. ಸ್ವಿಚ್ ಎಲ್ಲಿದೆ ಅಂತ ಹೇಗೆ ಗೊತ್ತಾಗುತ್ತೆ?" ಅದೂ ನಿಜ ಅನ್ನಿಸಿತು. ಆದರೂ ಅಂದಿನಿಂದ ನಡುದಾರಿಗೆ ಕಾಲಿಡುವ ಮುಂಚೆ ನಾನು ಒಮ್ಮೆ ಕೆಮ್ಮುತ್ತಿದ್ದೆ. ಯಾರಿಗೆ ಕೇಳಿಸಲಿ ಎಂದು ಕೆಮ್ಮುತ್ತಿದ್ದೆನೋ ನನಗೇ ಗೊತ್ತಿಲ್ಲ.

ಒಂದು ಬೆಳಿಗ್ಗೆ ಮಾವನ ಚಪ್ಪಲಿ ಕೋಣೆಯಲ್ಲಿರಲಿಲ್ಲ. ಪರದೆಯ ಬುಡದಲ್ಲಿ ಜೋಡಿಸಿಟ್ಟಿತ್ತು, ಬಾಗಿಲ ಕಡೆಗೆ ಮುಖ ಮಾಡಿ. ಧೂಳಮ್ಮನಿಗೆ ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು, ತನ್ನ ಆಟದ ಮನೆಯ ಮೂಲೆಯನ್ನು ನೋಡುವ ಹಾಗೆ. "ನೀವು ಗುಡಿಸುವಾಗ ಸರಿಸಿರ್ತೀರಿ" ಎಂದಳು. ದನಿಯಲ್ಲಿ ಜೀವ ಇರಲಿಲ್ಲ. ಬಚ್ಚಲ ಬಲ್ಬು ತೆಗೆದು ಇನ್ನೂ ದೊಡ್ಡದು ಹಾಕಿದಳು, ಪರದೆಯ ಮೇಲೆ ಇನ್ನೊಂದು ಪದರ ಇಳಿಬಿಟ್ಟಳು. ಬೆಳಕು ಹೆಚ್ಚು ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದು ನಂಬಿದ್ದಳು.

ಅದಾದದ್ದು ಮೋಡ ಕವಿದ ಒಂದು ಮಧ್ಯಾಹ್ನ. ಧೂಳಮ್ಮ ಅಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದಳು, ಕೋಣೆಯ ಬಾಗಿಲು ಮುಚ್ಚಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು. ನಾನು ಅಡುಗೆಮನೆಯಲ್ಲಿ ಮಿಕ್ಸಿ ಓಡಿಸುತ್ತಿದ್ದೆ. ನಮ್ಮ ಮಿಕ್ಸಿ ಓಡಿದರೆ ಪಕ್ಕದ ಮನೆಯವರು ಕಿಟಕಿ ಮುಚ್ಚುತ್ತಾರೆ, ಅಂಥ ಗಂಟಲು ಅದರದು. ಇದ್ದಕ್ಕಿದ್ದ ಹಾಗೆ ಅದು ನಿಂತಿತು. ಫ್ರಿಜ್ಜಿನ ಗುಂಯ್ ಸದ್ದೂ ನಿಂತಿತು. ಆ ಮೌನದಲ್ಲಿ, ಅದುವರೆಗೆ ಮಿಕ್ಸಿಯ ಅಡಿಯಲ್ಲಿ ಏನೋ ಕೇಳಿಸುತ್ತಿತ್ತು ಎಂದು ನನ್ನ ಕಿವಿಗೆ ಆಗ ಹೊಳೆಯಿತು. ಯಾರೋ ಕೂಗುತ್ತಿದ್ದರು. ಒಂದೇ ಮಾತನ್ನು, ಮತ್ತೆ ಮತ್ತೆ, ತಾಳ್ಮೆಯಿಂದ.

"ಅತ್ತಿಗೆ, ಕರೆಂಟ್ ಹೋಯ್ತಾ?" ಧೂಳಮ್ಮ ಬಾಗಿಲು ತೆರೆದಳು.

ನಡುದಾರಿಯ ಉದ್ದಕ್ಕೂ ಕತ್ತಲು. ತುದಿಯಲ್ಲಿ ಪರದೆ ನೀಟಾಗಿ ಒಂದು ಪಕ್ಕಕ್ಕೆ ಸರಿದಿತ್ತು, ಮೇನ್ ಸ್ವಿಚ್ಚಿನ ಹಿಡಿ ಕೆಳಗಿತ್ತು, ಬಾಗಿಲು ತೆರೆದಿತ್ತು. ಆಚೆ ಕಬ್ಬಿಣದ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು, ಒಂದು, ಇನ್ನೊಂದು. ಆಮೇಲೆ ಬಂದ ಸದ್ದನ್ನು ನಾನು ಬರೆಯುವುದಿಲ್ಲ.

ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ತಡೆಯುವ ಹೃದಯ ಅಲ್ಲ ಎಂದರು ಡಾಕ್ಟರು, ಮನೆಗೆ ಕರಕೊಂಡು ಹೋಗಿ ನೋಡಿಕೊಳ್ಳಿ, ಹೆಚ್ಚು ದಿನ ಇಲ್ಲ ಎಂದರು. ಯಜಮಾನರು ತಂಗಿಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಅವಳು ನಡುದಾರಿಯಲ್ಲಿ ಒಂದೊಂದು ಸ್ವಿಚ್ಚಿನ ಮುಂದೂ ನಿಂತು ಗೋಡೆ ನೋಡಿದಳು. ಹೊಸ ಸ್ವಿಚ್ಚಿನ ಸುತ್ತ, ಎತ್ತರದವರ ಕೈ ಬೀಳುವ ಜಾಗದಲ್ಲಿ, ಆಗಲೇ ತೆಳ್ಳನೆಯ ಕಲೆ ಕಟ್ಟಿತ್ತು. "ಯಾರ್ಯಾರದೋ ಗೋಡೆ ಓದ್ತೀನಿ" ಎಂದಳು. "ಇಷ್ಟು ಹತ್ತಿರದ್ದು ಕಾಣಲಿಲ್ಲ ನೋಡಿ. ನಾನು ದಾರಿಗೆ ದೀಪ ಇಟ್ಟೆ ಅಂದ್ಕೊಂಡೆ. ಅಪ್ಪನಿಗೆ ಅದು ಆರಿಸ್ಬೇಕಾದ ಸಾಲು. ಕೊನೇಲಿ ಕತ್ತಲು ಬಾಗಿಲು, ಪಕ್ಕದಲ್ಲಿ ಮೇನು. ಥೇಟ್ ಗಿರಣಿ ಕಟ್ಟಿಕೊಟ್ಟಿದ್ದೀನಿ ಅತ್ತಿಗೆ. ಕರೆದದ್ದು ಕೇಳಿಸ್ಕೊಳ್ಳೋಕೂ ಆಗ್ಲಿಲ್ಲ."

ನನಗೆ ಅವಳನ್ನು ಬೈಯಬೇಕು ಅನ್ನಿಸಿತು, ತಬ್ಬಿಕೊಳ್ಳಬೇಕು ಅನ್ನಿಸಿತು. ಎರಡೂ ಮಾಡದೆ ಬಿಸಿನೀರು ಕಾಯಿಸಲು ಹೋದೆ.

ಹಾಸಿಗೆ ಹಿಡಿದ ಮೇಲೂ ಮಾವನ ಪಾಳಿ ಮುಗಿಯಲಿಲ್ಲ. ತಲೆಯ ಹತ್ತಿರ ಗೋಡೆಗೆ ಒಂದು ದೀಪ ಇತ್ತು. ಅದರ ಕಡೆಗೆ ಕೈ ಎತ್ತುವರು, ಆಮೇಲೆ ಕೇಳುವರು, "ಒಳಗೆ ಯಾರಾದ್ರೂ ಇದ್ದೀರಾ?" ದನಿ ಗಂಟಲಿನಿಂದ ಆಚೆ ಬರುತ್ತಿರಲಿಲ್ಲ. ನಾವಿಬ್ಬರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದೆವು, ಒಂದು ಸಲವೂ ತಪ್ಪಿಸಲಿಲ್ಲ. "ಇದ್ದೀವಿ ಮಾವ." "ಇದ್ದೀವಿ ಅಪ್ಪ." ಎತ್ತಿದ ಕೈ ಕೆಳಗಿಳಿಯುತ್ತಿತ್ತು. "ಸರಿ, ನಿಧಾನಕ್ಕೆ ಮುಗಿಸ್ಕೊಳ್ಳಿ. ಕಾಯ್ತೀನಿ" ಎನ್ನುವರು.

ಹಾಗೆಯೇ ಕಾದರು. ನಿದ್ದೆ ಮಾಡಲಿಲ್ಲ, ನುಂಗುವುದು ನಿಂತಿತು, ಬೆನ್ನಿನಲ್ಲಿ ಹುಣ್ಣಾಯಿತು. ಮಗ್ಗುಲು ಬದಲಿಸಿದರೆ ಹಲ್ಲು ಕಚ್ಚಿ ನರಳುವರು. ನೋಡಲು ಬಂದ ಡಾಕ್ಟರು, "ಇಷ್ಟು ದಿನ ಹೇಗೆ ತಡ್ಕೊಂಡಿದ್ದಾರೋ" ಎಂದು ತಲೆ ಅಲ್ಲಾಡಿಸಿ ಹೋದರು. ನಾನು ಅದನ್ನು ಸಂತೋಷದ ಸುದ್ದಿ ಎಂದುಕೊಂಡೆ. ಧೂಳಮ್ಮ ಮಾತ್ರ ಅಪ್ಪನ ಮುಖವನ್ನೇ ನೋಡುತ್ತ ಕೂತಿದ್ದಳು.

ಮರುದಿನ ಹೊತ್ತು ಮುಳುಗುವಾಗ ಅವಳು ಎದ್ದು ಹೋದಳು. ಹಿತ್ತಿಲ ತುದಿಯಿಂದ ಸ್ವಿಚ್ಚಿನ ಸದ್ದು ಕೇಳಿಸಿತು. ಟಕ್. ಬಚ್ಚಲದ್ದು ಆರಿತು. ಸ್ಟೂಲಿನ ಮೇಲಿನದು, ಫೋಟೊದ್ದು. ಕತ್ತಲು ಮಾವನ ಕೋಣೆಯ ಕಡೆಗೆ ನಡೆದುಬರುತ್ತಿತ್ತು. ಹಾಲ್‌ನ ದೀಪವೂ ಆರಿತು, ಅಲ್ಲಿ ಕೂತಿದ್ದ ಯಜಮಾನರು ಯಾಕೆಂದು ಕೇಳಲಿಲ್ಲ. ಅವಳು ಬಂದು ನನ್ನ ಪಕ್ಕ ಕೂತಳು. ಇಡೀ ಮನೆಯಲ್ಲಿ ಉಳಿದದ್ದು ಮಾವನ ತಲೆಯ ಹತ್ತಿರದ ದೀಪ ಒಂದೇ.

ಮಾವ ಅದನ್ನು ನೋಡಿದರು. ಬಾಗಿಲಾಚೆಯ ಕತ್ತಲನ್ನು ನೋಡಿದರು. ಎಷ್ಟೋ ದಿನಗಳ ಮೇಲೆ ಅವರ ಹುಬ್ಬಿನ ಗಂಟು ಸಡಿಲಾಯಿತು.

"ಒಳಗೆ ಯಾರಾದ್ರೂ ಇದ್ದೀರಾ?"

ಉತ್ತರ ನನ್ನ ತುಟಿಯವರೆಗೆ ಬಂದಿತ್ತು. ಧೂಳಮ್ಮ ನನ್ನ ಮಣಿಕಟ್ಟು ಹಿಡಿದಳು. ಮೂಳೆ ನೋಯುವಷ್ಟು ಗಟ್ಟಿಯಾಗಿ ಹಿಡಿದಳು. ಇನ್ನೊಂದು ಕೈಯನ್ನು ತನ್ನ ಬಾಯಿಗೆ ಅಡ್ಡ ಒತ್ತಿಕೊಂಡಿದ್ದಳು.

ಮಾವ ಮತ್ತೊಮ್ಮೆ ಕೇಳಿದರು. ಕಾದರು. ಹಾಲ್‌ನಲ್ಲಿ ಯಜಮಾನರ ಕುರ್ಚಿ ಒಮ್ಮೆ ಕಿರುಗುಟ್ಟಿ ಸುಮ್ಮನಾಯಿತು. ಮಾವನ ಕೈ ಮೇಲೆದ್ದಿತು, ಸ್ವಿಚ್ಚಿನವರೆಗೆ ತಲುಪಲಾರದೆ ಅರ್ಧಕ್ಕೇ ನಿಂತಿತು. ಮಗಳು ಸದ್ದಿಲ್ಲದೆ ಎದ್ದು ಹಿಂದೆ ನಿಂತು, ಆ ಮೊಣಕೈಗೆ ಕೆಳಗಿನಿಂದ ಆಸರೆ ಕೊಟ್ಟು ಮೇಲಕ್ಕೆತ್ತಿದಳು. ಆರಿಸಿದ್ದು ಮಾವನ ಬೆರಳೇ.

ಕತ್ತಲಲ್ಲಿ ಅವರ ಉಸಿರು ಇನ್ನೂ ಸ್ವಲ್ಪ ಹೊತ್ತು ಕೇಳಿಸಿತು. ಆಮೇಲೆ ಕೇಳಿಸಲಿಲ್ಲ.

ನನಗೆ ಅವಳ ಮೇಲೆ ಸಿಟ್ಟಿದೆ, ಇಲ್ಲ ಎಂದರೆ ಸುಳ್ಳಾಗುತ್ತದೆ. ಒಂದೇ ಒಂದು ಸಲ "ಇದ್ದೀವಿ" ಅಂದಿದ್ದರೆ ಮಾವ ಇನ್ನೊಂದು ದಿನ ಕಾಯುತ್ತಿದ್ದರು. ಅದು ಅವಳಿಗೂ ಗೊತ್ತು. ನಾವೆಲ್ಲ ಕ್ಷೇಮವಾಗಿ ಆಚೆ ಹೋಗಿದ್ದೇವೆ, ಗಿರಣಿ ಖಾಲಿಯಾಗಿದೆ ಎಂದು ನಂಬಿಕೊಂಡು ಅವರು ಗೇಟು ದಾಟಿದರು. ನಾವು ಮೂವರೂ ಒಳಗೇ ಇದ್ದೆವು, ಕತ್ತಲಲ್ಲಿ, ಉಸಿರು ಬಿಗಿಹಿಡಿದುಕೊಂಡು.